ಎಂಟು ಇದ್ದ ಕಡೆ ನನಗೆ ಮೂರು ಕಂಡಿತು

ಪುಸ್ತಕದ ಮೊದಲ ಪುಟದಲ್ಲಿ ಬಣ್ಣದ ಚುಕ್ಕಿಗಳ ನಡುವೆ ಹನ್ನೆರಡು ಇತ್ತು. "ಹನ್ನೆರಡು" ಅಂದೆ. ಎರಡನೇ ಪುಟ. "ಮೂರು." ಮುಂದಿನದು, "ಐದು." ಆಮೇಲೆ "ಎಪ್ಪತ್ತು", "ಮೂವತ್ತೈದು". ಟಕಟಕ ಹೇಳುತ್ತಾ ಹೋದೆ. ನನಗಿಂತ ಮುಂಚೆ ಕೂತಿದ್ದ ಹುಡುಗ ಒಂದೊಂದು ಪುಟಕ್ಕೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವನಿಗಿಂತ ಬೇಗ ಮುಗಿಸಿದೆ ಅಂತ ಒಳಗೊಳಗೇ ಖುಷಿ. ನಡುವೆ ಕೆಲವು ಪುಟಗಳಲ್ಲಿ ಬರೀ ಚುಕ್ಕಿ, ಅಂಕಿಯೇ ಇಲ್ಲ. ಸುಮ್ನೆ ಯಾಮಾರಿಸೋಕೆ ಇಟ್ಟಿರಬೇಕು ಅಂದುಕೊಂಡು "ಏನಿಲ್ಲ ಸಾರ್" ಅಂದೆ.

ಪರೀಕ್ಷೆ ಮಾಡುತ್ತಿದ್ದವರು ಪುಸ್ತಕ ಮುಚ್ಚಿದರು. ಹಾಳೆ ಮೇಲೆ ಏನೋ ಗೀಚಿದರು. ತಲೆ ಎತ್ತದೆ, "ಮನೇಲಿ ಇನ್ಯಾರಿಗಾದ್ರೂ ಹೀಗಿದೆಯಾ?" ಅಂದರು.

"ಹೇಗೆ ಸಾರ್?"

ಅವರು ಮುಂದಿನವನನ್ನು ಕರೆದರು.

ಇದು 2019ರ ಮಾತು. ನಾನು ಡಿಪ್ಲೊಮಾ ಮುಗಿಸಿ ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ರೈಲು ಡ್ರೈವರಿಗೆ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕಂಪ್ಯೂಟರ್ ಪರೀಕ್ಷೆ ಎರಡು ಸುತ್ತು ಪಾಸು. ಆಪ್ಟಿಟ್ಯೂಡ್ ಟೆಸ್ಟ್ ಪಾಸು. ದಾಖಲೆಗಳೂ ಸರಿ. ಉಳಿದಿದ್ದು ಮೆಡಿಕಲ್ ಒಂದೇ. ಊರಲ್ಲಿ ಆಗಲೇ ನನ್ನನ್ನು "ಡ್ರೈವರ್ ಸಾರ್" ಅಂತ ರೇಗಿಸೋಕೆ ಶುರು ಮಾಡಿದ್ದರು. ಪುಸ್ತಕದ ಪರೀಕ್ಷೆ ಆದ ಮೇಲೆ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಲ್ಯಾಂಟರ್ನಿನಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ತೋರಿಸಿದರು. ಕೆಂಪೋ, ಹಸಿರೋ, ಹಳದಿಯೋ ಹೇಳಬೇಕು. ಅಲ್ಲಿ ನನ್ನ ಟಕಟಕ ನಿಂತೇ ಹೋಯಿತು. ಮೂರು ಸಲ ಊಹೆ ಮಾಡಿದೆ. ನಾಲ್ಕನೇ ಸಲಕ್ಕೆ ಅವರೇ ದೀಪ ಆರಿಸಿದರು.

ಅನ್‌ಫಿಟ್. ಕಾರಣದ ಜಾಗದಲ್ಲಿ "ಕಲರ್ ವಿಷನ್" ಅಂತಿತ್ತು, ಅಂದರೆ ವರ್ಣಾಂಧತೆ. ಎರಡು ವರ್ಷ ಫೀಸ್ ಕಟ್ಟಿಸಿಕೊಂಡ ಕೋಚಿಂಗ್‌ನವರು ಗಣಿತ, ರೀಸನಿಂಗ್ ಎಲ್ಲ ಅರೆದು ಕುಡಿಸಿದ್ದರು. ಮೊದಲು ಒಂದು ಸಲ ಕಣ್ಣು ತೋರಿಸಿಕೊಂಡು ಬನ್ನಿ ಅಂತ ಒಬ್ಬರೂ ಹೇಳಿರಲಿಲ್ಲ. ಆ ಸಿಟ್ಟು ಇನ್ನೂ ಇದೆ.

ರೈಲ್ವೆಯವರ ಮೇಲೆ ಸಿಟ್ಟಿಲ್ಲ. ಆಮೇಲೆ ಓದಿದೆ, 1875ರಲ್ಲಿ ಸ್ವೀಡನ್ನಿನ ಲಾಗೆರ್ಲುಂಡಾ ಅನ್ನೋ ಕಡೆ ಎರಡು ರೈಲು ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಸಿಬ್ಬಂದಿಗೆ ಸಿಗ್ನಲ್ ಬಣ್ಣ ಗೊತ್ತಾಗದೆ ಹೀಗಾಗಿರಬಹುದು ಅಂತ ಹೋಲ್ಮ್‌ಗ್ರೆನ್ ಎಂಬ ವಿಜ್ಞಾನಿ ವಾದಿಸಿದರು. ಅಲ್ಲಿಂದಲೇ ರೈಲ್ವೆಗಳಲ್ಲಿ ಬಣ್ಣದ ಪರೀಕ್ಷೆ ಹಬ್ಬಿದ್ದು. ನಾನು ಕೂತಿದ್ದು ಆ ಸಾಲಿನ ಕೊನೆಯಲ್ಲಿ, ಅಷ್ಟೇ.

ಕೋಲಾರಕ್ಕೆ ವಾಪಸ್ ಬಂದು ಒಂದು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನಮ್ಮ ಊರು ವೇಮಗಲ್ ಕಡೆ. ಬಸ್ ಹತ್ತಿ ಕ್ಲಾಕ್ ಟವರ್ ಹತ್ತಿರ ಇಳಿದು ಸುಮ್ಮನೆ ಅಲೆದು ಸಂಜೆ ಮನೆಗೆ ಬರುತ್ತಿದ್ದೆ. ಅಲೆಯುವಾಗೆಲ್ಲ ಹಳೇದು ಒಂದೊಂದೇ ನೆನಪಾಗುತ್ತಿತ್ತು. ಮೂರನೇ ಕ್ಲಾಸಲ್ಲಿ ಮರದ ಕಾಂಡಕ್ಕೆ ಹಸಿರು, ಎಲೆಗೆ ಕಂದು ಬಳಿದು ಮೇಷ್ಟ್ರ ಹತ್ತಿರ ಏಟು ತಿಂದಿದ್ದೆ. ತಲೆಹರಟೆ ಮಾಡ್ತೀಯಾ ಅಂತ. ಕ್ರಿಕೆಟ್ ಆಡುವಾಗ ಹುಲ್ಲಿಗೆ ಬಿದ್ದ ಕೆಂಪು ಚೆಂಡು ನನಗೆ ಸಿಗುತ್ತಲೇ ಇರಲಿಲ್ಲ. "ಕಾಲ ಕೆಳಗೇ ಇದೆಯಲ್ಲೋ ಕುರುಡ" ಅಂತ ಬೈಗುಳ. ಮೊಬೈಲ್ ಚಾರ್ಜ್ ಆಗಿದೆಯಾ ಇಲ್ಲವಾ ಅಂತ ದೀಪ ನೋಡಿ ಹೇಳೋಕೆ ಯಾವತ್ತೂ ಆಗಿಲ್ಲ, ಆನ್ ಮಾಡಿಯೇ ನೋಡಬೇಕು. ಎಲ್ಲರಿಗೂ ಹೀಗೇ ಅಂತ ಅಂದುಕೊಂಡಿದ್ದೆ. ನಮಗೆ ಕಾಣುವ ಲೋಕವೇ ಎಲ್ಲರಿಗೂ ಕಾಣುತ್ತೆ ಅಂತ ತಾನೇ ಅಂದುಕೊಳ್ಳೋದು?

ಮತ್ತೆ ಟೊಮೆಟೊ. ಕೋಲಾರ ಅಂದಮೇಲೆ ಟೊಮೆಟೊ ಬಿಟ್ಟು ಮಾತಿಲ್ಲ. ಬಿಡಿಸುವ ದಿನ ಮನೆಮಂದಿಯೆಲ್ಲ ತೋಟದಲ್ಲಿ. ದೂರದ ಊರಿಗೆ ಹೋಗೋ ಮಾಲಾದರೆ ದೋರಗಾಯಿ ಬೇಕು, ಬಣ್ಣ ಆಗತಾನೇ ತಿರುಗಿರಬೇಕು. ಪೂರ್ತಿ ಹಣ್ಣು ಸೇರಿದರೆ ದಾರಿಯಲ್ಲೇ ಕೊಳೆತು ಹೋಗುತ್ತೆ. ಪೂರ್ತಿ ಕಾಯಿ ಸೇರಿದರೆ ಎಪಿಎಂಸಿ ಯಾರ್ಡಿನಲ್ಲಿ ಬಾಕ್ಸ್ ಸುರಿದಾಗ ರೇಟು ಬೀಳುತ್ತೆ. ನನ್ನ ಬಾಕ್ಸಿನಲ್ಲಿ ಯಾವಾಗಲೂ ಮೂರೂ ಕಲಸಿರುತ್ತಿತ್ತು. ಅಪ್ಪ ಕೊನೆಗೆ ನನ್ನನ್ನು ಬಾಕ್ಸ್ ಹೊರೋ ಕೆಲಸಕ್ಕೆ ಹಾಕಿದರು. ಸೋಮಾರಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ.

ಕೊನೆಗೆ ಕೋಲಾರದಲ್ಲೇ ಒಬ್ಬರು ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ವಾಸಿಯಾಗುತ್ತಾ, ಅಪೀಲ್ ಹಾಕಬಹುದಾ ಅಂತ ಕೇಳೋದು ಉದ್ದೇಶ. ಡಾಕ್ಟರ್ ಮೇಡಂ ವಯಸ್ಸಾದವರು. ಅವರ ಹತ್ತಿರವೂ ಅದೇ ಚುಕ್ಕಿ ಪುಸ್ತಕ. ಜಪಾನಿನ ಇಶಿಹಾರಾ ಅನ್ನೋ ಕಣ್ಣಿನ ಡಾಕ್ಟರ್ 1917ರಲ್ಲಿ ಮಾಡಿದ್ದಂತೆ. ನೂರು ವರ್ಷ ಆದರೂ ಇನ್ನೂ ಅದನ್ನೇ ಬಳಸ್ತಾರೆ ಅಂದರು.

ಈ ಸಲ ಅವರು ನಿಧಾನಕ್ಕೆ, ವಿವರಿಸಿ ತೋರಿಸಿದರು. ಎರಡನೇ ಪುಟದಲ್ಲಿ ಎಲ್ಲರಿಗೂ ಕಾಣೋದು ಎಂಟು. ನನಗೆ ಮೂರು. ಎಂಟಿನ ಎಡಗಡೆ ಗೆರೆ ನನ್ನ ಕಣ್ಣಿಗೆ ಹಿನ್ನೆಲೆಯಲ್ಲಿ ಕರಗಿ ಹೋಗುತ್ತೆ. ಆರು ನನಗೆ ಐದು. ಇಪ್ಪತ್ತೊಂಬತ್ತು ನನಗೆ ಎಪ್ಪತ್ತು. ಐವತ್ತೇಳು ನನಗೆ ಮೂವತ್ತೈದು. ನಾನು ತಪ್ಪು ಓದಿರಲಿಲ್ಲ, ಕಂಡದ್ದನ್ನು ಸರಿಯಾಗೇ ಓದಿದ್ದೆ. ಆ ಪುಟ ಮಾಡಿರೋದೇ ಹಾಗೆ.

ಇನ್ನೊಂದು ಪುಟ ತೆಗೆದರು. "ಇಲ್ಲೇನಿದೆ?"

"ನಲವತ್ತೈದು."

"ನಂಗೆ ಏನೂ ಕಾಣಲ್ಲಪ್ಪ. ಬರೀ ಚುಕ್ಕಿ. ಇದು ನಿಮ್ಮಂಥೋರಿಗೆ ಮಾತ್ರ ಕಾಣೋ ಪುಟ."

ಒಂದು ವಾರದಲ್ಲಿ ಮೊದಲನೇ ಸಲ ನಗು ಬಂತು.

ಕಣ್ಣಿನ ಒಳಪದರದಲ್ಲಿ ಬಣ್ಣ ಹಿಡಿಯೋಕೆ ಮೂರು ತರದ ಕೋಶ ಇರುತ್ತವೆ ಅಂತ ಅವರು ಶುರು ಮಾಡಿದರು. ಕೆಂಪಿನ ಕಡೆಗೆ ಒಂದು, ಹಸಿರಿನ ಕಡೆಗೆ ಒಂದು, ನೀಲಿಗೆ ಒಂದು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಳಕು ಬಿತ್ತು ಅಂತ ಹೋಲಿಸಿ ಮಿದುಳು ಬಣ್ಣ ನಿರ್ಧರಿಸುತ್ತೆ. ನನ್ನದರಲ್ಲಿ ಹಸಿರಿನ ಕೋಶ ಸರಿಯಿಲ್ಲ, ಹೆಚ್ಚುಕಡಿಮೆ ಕೆಂಪಿನದರ ತರವೇ ಕೆಲಸ ಮಾಡುತ್ತೆ. ಹಾಗಾಗಿ ಹಸಿರು, ಕೆಂಪು, ಕಂದು ಒಂದರೊಳಗೊಂದು ಕಲಸಿಕೊಳ್ಳುತ್ತವೆ. ನೀಲಿಗೆ ತೊಂದರೆ ಇಲ್ಲ. ವಾಸಿಯಾಗಲ್ಲ. ಜಾಸ್ತಿಯೂ ಆಗಲ್ಲ. ಅಪೀಲ್ ಹಾಕಿದರೂ ಇದೇ ಪುಸ್ತಕ, ಇದೇ ಉತ್ತರ.

ಅಷ್ಟಕ್ಕೆ ಎದ್ದು ಬರಬಹುದಿತ್ತು. ಆದರೆ ಮೆಡಿಕಲ್ಲಿನಲ್ಲಿ ಕೇಳಿದ್ದ ಪ್ರಶ್ನೆ ಕೊರೆಯುತ್ತಿತ್ತು. "ಮೇಡಂ, ಅಪ್ಪನಿಗೆ ಹಂಗೇನಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ, ದಾರದ ಬಣ್ಣ ನೋಡಿ ಬ್ಲೌಸ್ ಪೀಸ್ ಮ್ಯಾಚ್ ಮಾಡ್ತಾರೆ. ಮತ್ತೆ ನಂಗೆಲ್ಲಿಂದ ಬಂತು?"

"ಅಮ್ಮನ ತಂದೆ ಇದಾರಾ?"

"ತಾತ ತೀರಿಕೊಂಡು ಎಂಟು ವರ್ಷ ಆಯ್ತು."

ಅವರು ಔಷಧಿ ಚೀಟಿ ತಿರುಗಿಸಿ ಹಿಂದುಗಡೆ ಪೆನ್ಸಿಲಲ್ಲಿ ಬರೆಯೋಕೆ ಶುರು ಮಾಡಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ. ಗುಣ ಇರುವವರ ಚೌಕ ತುಂಬಬೇಕು. ನನ್ನ ಚೌಕ ತುಂಬಿದರು. ಅಮ್ಮನ ಸೊನ್ನೆಯ ಮಧ್ಯೆ ಒಂದು ಚುಕ್ಕಿ ಇಟ್ಟರು. ತಾತನ ಚೌಕದ ಒಳಗೆ ಪ್ರಶ್ನೆ ಚಿಹ್ನೆ.

ಹತ್ತನೇ ಕ್ಲಾಸಲ್ಲಿ ನಾಲ್ಕು ಮಾರ್ಕಿಗೆ ಬಾಯಿಪಾಠ ಮಾಡಿದ್ದೆಲ್ಲ ಆ ಚೀಟಿಯಲ್ಲಿತ್ತು. ಮನುಷ್ಯನ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ 46 ವರ್ಣತಂತು, ಅಂದರೆ 23 ಜೊತೆ. ಪ್ರತಿ ಜೊತೆಯಲ್ಲೂ ಒಂದು ಅಪ್ಪನದು, ಒಂದು ಅಮ್ಮನದು. (ವರ್ಣತಂತು ಅಂದರೆ ಬಣ್ಣದ ನೂಲು. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಹಾಕಿದ ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತೆ ಅಂತ ಆ ಹೆಸರು. ನನಗೆ ಮಾತ್ರ ತಮಾಷೆಯಾಗಿ ಕಂಡಿತು.) ಕೊನೆಯ ಜೊತೆ ಹೆಣ್ಣಿನಲ್ಲಿ ಎಕ್ಸ್ ಎಕ್ಸ್, ಗಂಡಿನಲ್ಲಿ ಎಕ್ಸ್ ವೈ. ಕೆಂಪು ಮತ್ತು ಹಸಿರಿನ ಜೀನ್‌ಗಳು, ಅಂದರೆ ಆ ಗುಣ ಹೊತ್ತು ತರುವ ವಂಶವಾಹಿಗಳು, ಇರೋದು ಎಕ್ಸ್ ಮೇಲೆ, ಅದರ ತುದಿಯಲ್ಲಿ ಪಕ್ಕಪಕ್ಕದಲ್ಲೇ. ವೈ ಮೇಲೆ ಅವು ಇಲ್ಲ.

"ನಿಮ್ಮ ಕಡೆ ಬೋರ್‌ವೆಲ್ ಎಷ್ಟಿದೆ?" ಅಂದರು ಇದ್ದಕ್ಕಿದ್ದಂತೆ.

"ಒಂದು ಮೇಡಂ. ಇನ್ನೊಂದು ಬತ್ತೋಯ್ತು."

"ಹೆಂಗಸರದ್ದು ಎರಡು ಬೋರ್ ಇರೋ ತೋಟ. ಒಂದು ಕೆಟ್ಟರೆ ಇನ್ನೊಂದು ನೀರು ಕೊಡುತ್ತೆ, ತೋಟ ನೋಡಿದೋರಿಗೆ ಗೊತ್ತೇ ಆಗಲ್ಲ. ನಿಮ್ಮದು ಒಂದೇ ಬೋರ್. ಕೆಟ್ಟರೆ ಬೆಳೆ ಒಣಗಿದ್ದು ಊರಿಗೆಲ್ಲ ಕಾಣುತ್ತೆ."

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಅಪ್ಪ ನನಗೆ ಕೊಟ್ಟಿದ್ದು ವೈ, ಅದಕ್ಕೇ ನಾನು ಗಂಡು. ನನ್ನ ಒಂದೇ ಎಕ್ಸ್ ಬಂದಿದ್ದು ಅಮ್ಮನಿಂದ. ಅಮ್ಮನ ಹತ್ತಿರ ಎರಡಿದ್ದವು, ಒಂದು ಸರಿ, ಒಂದು ಕೆಟ್ಟದ್ದು. ನನಗೆ ಕೆಟ್ಟದ್ದು ಬಂತು. ಅಮ್ಮನಿಗೆ ಅದು ಎಲ್ಲಿಂದ ಬಂತು? ತಾತನಿಗೆ ಈ ಗುಣ ಇದ್ದಿದ್ದರೆ ಅವರ ಒಂದೇ ಎಕ್ಸ್ ಎಲ್ಲ ಹೆಣ್ಣುಮಕ್ಕಳಿಗೂ ಹೋಗಿರಲೇಬೇಕು. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಗಂಡುಮಕ್ಕಳಿಗೆ ಅವರು ಕೊಟ್ಟಿರೋದು ವೈ, ಹಾಗಾಗಿ ನನ್ನ ಸೋದರಮಾವನಿಗೆ ತಾತನಿಂದ ಇದು ಬಂದಿರೋಕೆ ಸಾಧ್ಯವಿಲ್ಲ. ತಾತನಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ. ನಡುವಿನ ತಲೆಮಾರಿನಲ್ಲಿ ಏನೂ ಕಾಣಲ್ಲ.

ಅಡಗಿಕೊಂಡು ಬಂದು ಮೊಮ್ಮಕ್ಕಳಲ್ಲಿ ತಲೆ ಎತ್ತುವುದು ನನಗೆ ಹೊಸದಲ್ಲ ಅಂತ ಬಸ್ಸಲ್ಲಿ ಕೂತಾಗ ಹೊಳೆಯಿತು. ಅಮ್ಮನ ತವರು ಶ್ರೀನಿವಾಸಪುರದ ಹತ್ತಿರ. ತಾತ ಒಂದು ವರ್ಷ ಹೈಬ್ರಿಡ್ ಬೀಜದ ದುಡ್ಡು ಉಳಿಸೋಣ ಅಂತ, ಸೊಗಸಾಗಿ ಬಂದಿದ್ದ ತಮ್ಮದೇ ಟೊಮೆಟೊ ಹಿಂಡಿ, ಬೀಜ ತೆಗೆದು, ಬೂದಿಯಲ್ಲಿ ಕಲಸಿ ಒಣಗಿಸಿದರು. ತಾವೇ ಸಸಿ ಮಾಡಿ ನೆಟ್ಟರು. ಅದರ ಹಿಂದಿನ ಬೆಳೆ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಒಂದೇ ಸಮ ಇತ್ತು. ಈ ಬೆಳೆ ಸಂತೆ. ಒಂದು ಗಿಡ ಕುಳ್ಳ, ಪಕ್ಕದ್ದು ಎದೆಯುದ್ದ. ಒಂದರಲ್ಲಿ ದುಂಡು ಹಣ್ಣು, ಇನ್ನೊಂದರಲ್ಲಿ ಉದ್ದ. ಕೆಲವಕ್ಕೆ ತೊಟ್ಟಿನ ಸುತ್ತ ಹಸಿರು ಉಳಿದೇ ಇತ್ತು ಅಂತ ಮಾವ ಹೇಳುತ್ತಾರೆ. ಅದು ನನಗೂ ತಾತನಿಗೂ ಕಂಡಿರಲಿಕ್ಕಿಲ್ಲ! ಬಿಳಿನೊಣ ಬಂದಾಗ ಒಂದಷ್ಟು ಗಿಡದ ಎಲೆ ಮುದುಡಿ ಹೋಯಿತು, ಪಕ್ಕದಲ್ಲೇ ಇದ್ದವು ತಡೆದುಕೊಂಡವು. ಬೀಜ ಕೆಟ್ಟಿದೆ, ಮಣ್ಣು ಕೆಟ್ಟಿದೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು.

ಕೆಟ್ಟಿದ್ದು ಯಾವುದೂ ಅಲ್ಲ. ಹೈಬ್ರಿಡ್ ಅಂದರೆ ಬೇರೆ ಬೇರೆ ಎರಡು ತಳಿಗಳ ಮೊದಲ ಮಕ್ಕಳು. ಎಲ್ಲಕ್ಕೂ ಅಮ್ಮನ ಕಡೆಯಿಂದ ಒಂದೇ ತರ, ಅಪ್ಪನ ಕಡೆಯಿಂದ ಒಂದೇ ತರ ಬಂದಿರುತ್ತೆ. ಅದಕ್ಕೇ ಒಂದೇ ಸಮ. ಎರಡು ಗುಣ ಜೊತೆಗಿದ್ದಾಗ ಮೇಲುಗೈ ಆಗೋದಷ್ಟೇ ಕಾಣುತ್ತೆ, ಇನ್ನೊಂದು ಸುಮ್ಮನೆ ಒಳಗೆ ಕೂತಿರುತ್ತೆ. ಆ ಹೈಬ್ರಿಡ್ಡಿನ ಬೀಜ ಬಿತ್ತಿದಾಗ ಇಸ್ಪೀಟ್ ಎಲೆ ಕಲಸಿ ಹಂಚಿದ ಹಾಗೆ. ನಾಲ್ಕರಲ್ಲಿ ಒಂದು ಗಿಡಕ್ಕೆ ಎರಡೂ ಕಡೆಯಿಂದ ಅಡಗಿದ್ದ ಗುಣವೇ ಸಿಗುತ್ತೆ, ಆಗ ಅದು ಹೊರಗೆ ಬರುತ್ತೆ.

ಇದನ್ನು ಲೆಕ್ಕ ಇಟ್ಟು ತೋರಿಸಿದ್ದು ಮೆಂಡೆಲ್ ಅನ್ನೋ ಪಾದ್ರಿ, ಈಗಿನ ಜೆಕ್ ದೇಶದ ಬ್ರನೋ ಊರಿನ ಮಠದ ತೋಟದಲ್ಲಿ, ಬಟಾಣಿ ಗಿಡದ ಮೇಲೆ. 1856ರಿಂದ ಎಂಟು ವರ್ಷ ಕೂತು ಎಣಿಸಿದರು. ದುಂಡು ಕಾಳು ಮತ್ತು ಸುಕ್ಕು ಕಾಳಿನ ತಳಿಗಳನ್ನು ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಎಲ್ಲ ದುಂಡು. ಅದರ ಮುಂದಿನದರಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಅಚ್ಚು ಹಾಕಿಸಿದರೂ 1900ರವರೆಗೆ ಹೆಚ್ಚಿನವರು ತಲೆಕೆಡಿಸಿಕೊಳ್ಳಲಿಲ್ಲ. ನಮ್ಮ ತಾತನೂ ಎಣಿಸಲಿಲ್ಲ. ಬೈದುಕೊಂಡು ಗಿಡ ಕಿತ್ತು ಹಸುವಿಗೆ ಹಾಕಿದರು.

ಮನೆಗೆ ಬಂದು ಚೀಟಿ ತೋರಿಸಿದ್ದೇ ತಪ್ಪಾಯಿತು. ಆ ದಿನ ಅತ್ತೆ, ಅಪ್ಪನ ಅಕ್ಕ, ಮನೆಯಲ್ಲಿದ್ದರು. "ಹಂಗಾದ್ರೆ ನಿಮ್ಮ ತವರ ಕಡೆಯಿಂದ ಬಂದಿದ್ದು ಅನ್ನು" ಅಂದುಬಿಟ್ಟರು ಅಮ್ಮನಿಗೆ. ಅಮ್ಮ ಏನೂ ಹೇಳಲಿಲ್ಲ, ಒಳಗೆ ಹೋಗಿ ಮುದ್ದೆ ತೊಳಸೋಕೆ ನಿಂತರು. ಕೋಲು ತಿರುಗಿಸುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಿದರು, "ನಾನು ನಿನ್ನ ಹೊತ್ತಾಗ ಏನಾದ್ರೂ ಮಾಡಬಾರದ್ದು ಮಾಡಿದ್ನಾ?"

ನಾನು ಎರಡು ರೂಪಾಯಿ ನಾಣ್ಯ ತಗೊಂಡು ಚಿಮ್ಮಿದೆ. "ಇದು ಕೆಳಗೆ ಬೀಳುವಾಗ ಯಾವ ಕಡೆ ಅಂತ ನೀನು ಹೇಳಿದ್ದಾ?" ಅಂದೆ. ನನಗೂ ಅದಕ್ಕಿಂತ ಚೆನ್ನಾಗಿ ಹೇಳೋಕೆ ಬರಲಿಲ್ಲ. ಅಮ್ಮ ನಾಣ್ಯ ಕಿತ್ತುಕೊಂಡು "ದುಡ್ಡು ಹಂಗೆ ಎಸೀಬಾರದು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಅಕ್ಕನಿಗೆ?"

ಆ ಪ್ರಶ್ನೆ ಹಿಡಿದುಕೊಂಡು ಮತ್ತೆ ಡಾಕ್ಟರ್ ಹತ್ತಿರ ಹೋದೆ, ಈ ಸಲ ಅಕ್ಕ ಮತ್ತು ಅವಳ ಆರು ವರ್ಷದ ಮಗನನ್ನೂ ಕರೆದುಕೊಂಡು. ಹುಡುಗ "ಎಂಟು!" ಅಂತ ಕಿರುಚಿದ. ಅಕ್ಕ ಉಸಿರು ಬಿಟ್ಟಳು. "ಹಂಗಾದ್ರೆ ನನ್ನ ಹತ್ರ ಇಲ್ಲ ಅಲ್ವಾ ಮೇಡಂ?"

"ಒಂದು ಮಗು ನೋಡಿ ಹಂಗೆ ಹೇಳೋಕಾಗಲ್ಲಮ್ಮ" ಅಂದರು ಅವರು. ಲೆಕ್ಕ ಹೀಗೆ ಹಾಕಿ ತೋರಿಸಿದರು. ಅಕ್ಕನಂಥವರು ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಅಮ್ಮನಿಂದ ಕೆಟ್ಟ ಎಕ್ಸ್ ಬಂದವರು ಇಬ್ಬರು, ಬಾರದವರು ಇಬ್ಬರು. ಒಬ್ಬೊಬ್ಬರಿಗೂ ಒಬ್ಬ ಮಗ. ಬಾರದ ಇಬ್ಬರ ಮಕ್ಕಳೂ ಸರಿ. ಬಂದ ಇಬ್ಬರಲ್ಲಿ ಒಬ್ಬಳ ಮಗನಿಗೆ ಬಂದಿರುತ್ತೆ, ಇನ್ನೊಬ್ಬಳ ಮಗ ಸರಿ. ಈಗ ಮಗ ಸರಿ ಇರೋರು ಮೂವರು. ಅವರಲ್ಲಿ ಒಬ್ಬಳ ಹತ್ತಿರ ಇನ್ನೂ ಅಡಗಿದೆ. ಅಂದರೆ ಎರಡರಲ್ಲಿ ಒಂದು ಇದ್ದ ಸಾಧ್ಯತೆ ಮೂರರಲ್ಲಿ ಒಂದಕ್ಕೆ ಇಳಿಯಿತು, ಸೊನ್ನೆ ಆಗಲಿಲ್ಲ. ಇನ್ನೊಂದು ಗಂಡು ಮಗು ಆದರೆ? ಅಕ್ಕನ ಹತ್ತಿರ ಅದು ಇದ್ದರೆ ಮತ್ತೆ ಹೊಸದಾಗಿ ಅರ್ಧಕ್ಕರ್ಧ. ಮೊದಲನೆಯವನಿಗೆ ಬರಲಿಲ್ಲ ಅಂತ ಎರಡನೆಯವನಿಗೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಅಕ್ಕ ಬಿ.ಕಾಂ. ಓದಿದವಳು, ತಲೆ ಅಲ್ಲಾಡಿಸಿದಳು. ನನಗೆ ಮಾತ್ರ ಮನೆಗೆ ಬಂದು ಪೇಪರಲ್ಲಿ ಬರೆದ ಮೇಲೇ ಅರ್ಥವಾಗಿದ್ದು.

ಹೆಂಗಸರಲ್ಲಿ ಇದು ಅಪರೂಪ ಯಾಕೆ ಅನ್ನೋದಕ್ಕೂ ಸುಲಭದ ಲೆಕ್ಕ ಇದೆ. ಯುರೋಪಿನ ಕಡೆ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನಕ್ಕೆ ಕೆಂಪು-ಹಸಿರು ತೊಂದರೆ ಇದೆ. ಅಂದರೆ ನೂರು ಎಕ್ಸ್‌ನಲ್ಲಿ 8 ಕೆಟ್ಟದ್ದು. ಹೆಂಗಸಿಗೆ ಬರಬೇಕಾದರೆ ಎರಡೂ ಕೆಟ್ಟಿರಬೇಕು. ನೂರಕ್ಕೆ 8, ಆ 8ರಲ್ಲಿ ಮತ್ತೆ ನೂರಕ್ಕೆ 8ರಷ್ಟು. ನೂರಕ್ಕೆ ಒಂದೂ ಆಗಲ್ಲ. ನಿಜವಾಗಿ ಎಣಿಸಿದಾಗ ಸಿಕ್ಕಿರೋದೂ ಇನ್ನೂರಕ್ಕೆ ಒಬ್ಬರಂತೆ. ನಮ್ಮ ಕಡೆ ಗಂಡಸರಲ್ಲೂ ಅಷ್ಟು ಜಾಸ್ತಿ ಇಲ್ಲ. ಇಷ್ಟು ಸಾಮಾನ್ಯ ಆಗೋಕೆ ಕಾರಣ, ಕೆಂಪಿನ ಜೀನ್ ಮತ್ತು ಹಸಿರಿನ ಜೀನ್ ಅವಳಿಜವಳಿ ತರ ಇವೆ, ಪಕ್ಕಪಕ್ಕದಲ್ಲೇ ಇವೆ. ಅಮ್ಮಂದಿರಲ್ಲಿ ಎರಡು ಎಕ್ಸ್‌ಗಳು ತುಂಡು ಅದಲುಬದಲು ಮಾಡಿಕೊಳ್ಳುವಾಗ ಇದರ ಜಾಗಕ್ಕೆ ಅದು ಹೊಂದಿಕೊಂಡು ಎಡವಟ್ಟಾಗುತ್ತೆ. ಒಂದಕ್ಕೆ ಜಾಸ್ತಿ ಸೇರುತ್ತೆ, ಇನ್ನೊಂದಕ್ಕೆ ಇಲ್ಲದೇ ಹೋಗುತ್ತೆ.

ಆಮೇಲೊಂದು ಯುಗಾದಿಗೆ ಅಮ್ಮನ ತವರಲ್ಲಿ ಎಲ್ಲರೂ ಸೇರಿದ್ದರು. ನಾನು ಮೊಬೈಲಲ್ಲಿ ಚುಕ್ಕಿ ಚಿತ್ರ ಇಟ್ಟುಕೊಂಡು ಒಬ್ಬೊಬ್ಬರನ್ನೇ ಹಿಡಿದೆ. ಮೊಬೈಲಿನ ಪರದೆ ಮೇಲೆ ಬಣ್ಣ ಸರಿಯಿರಲ್ಲ, ಅದನ್ನು ನಂಬಬೇಡಿ ಅಂತ ಡಾಕ್ಟರ್ ಹೇಳಿದ್ದರು. ಅನುಮಾನ ಬಂದವರನ್ನು ಅವರ ಹತ್ತಿರ ಕಳಿಸೋದು ಅಂತ ಒಪ್ಪಂದ. ಮಾವ ಎಂಟು ಅಂದರು. ಮಾವನ ಮಗಳು ಎಂಟು ಅಂದಳು. ಚಿಕ್ಕಮ್ಮನ ಚಿಕ್ಕ ಮಗ ಎಂಟು. ದೊಡ್ಡವನು, ಪಿಯುಸಿ ಹುಡುಗ, ಹೋಳಿಗೆ ಅಗಿಯುತ್ತಾ "ಮೂರಲ್ವಾ?" ಅಂದ. ಎಲ್ಲರೂ ಅವನನ್ನೇ ನೋಡಿದರು. ಅವನು ಗಾಬರಿಯಾಗಿ ಹೋಳಿಗೆ ಕೆಳಗಿಟ್ಟ. ಆಮೇಲೆ ಪುಸ್ತಕದ ಪರೀಕ್ಷೆಯಲ್ಲೂ ಅದೇ ಬಂತು. ಅವನಿಗೆ ಕೋಚಿಂಗಿಗೆ ದುಡ್ಡು ಸುರಿಯೋ ಮುಂಚೆಯೇ ಗೊತ್ತಾಯಿತು, ಅಷ್ಟು ಲಾಭ.

ಅವತ್ತು ಹುಡುಗರೆಲ್ಲ ಸೇರಿ ನಾಲಿಗೆ ಸುರುಳಿ ಮಾಡೋ ಆಟವನ್ನೂ ಆಡಿದರು. ಇದು ಒಂದೇ ಜೀನ್‌ನ ಆಟ, ಅಪ್ಪ ಅಮ್ಮನಿಂದ ಬರುತ್ತೆ ಅಂತ ನಮಗೆ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು. ಒಂದೇ ತರ ಇರೋ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆ ಇರೋದುಂಟು, ಹಾಗಾಗಿ ಅದು ಅಷ್ಟು ಸರಳ ಅಲ್ಲ. ಎತ್ತರ, ಮೈಬಣ್ಣ ಎಲ್ಲ ನೂರಾರು ಜೀನ್‌ಗಳು ಕೂಡಿ, ಊಟ ಬಿಸಿಲು ಎಲ್ಲ ಸೇರಿ ಆಗೋದು. ಅಲ್ಲಿ ಮೂರಕ್ಕೆ ಒಂದು ಅಂತೆಲ್ಲ ಎಣಿಸೋಕಾಗಲ್ಲ.

ಮಾವನ ಮಗಳ ಮಾತು ಬಂತಲ್ಲ. ನನಗೂ ಅವಳಿಗೂ ಮದುವೆ ಅಂತ ಹಿರಿಯರ ಮನಸ್ಸಲ್ಲಿ ಮೊದಲಿಂದ ಇತ್ತು. ನಮ್ಮ ಕಡೆ ಸೋದರಿಕೆ ಸಂಬಂಧ ಮಾಮೂಲಿ, ಅಕ್ಕನ ಮಗಳನ್ನೇ ಮಾಡಿಕೊಂಡವರೂ ಬೇಕಾದಷ್ಟಿದ್ದಾರೆ. ಡಾಕ್ಟರ್ ಹತ್ತಿರ ಅದನ್ನೂ ಕೇಳಿದೆ. ಬಣ್ಣದ ವಿಷಯಕ್ಕೆ ಮಾವನ ಮಗಳಿಂದ ತೊಂದರೆ ಇಲ್ಲ, ಮಾವನ ಹತ್ತಿರ ಅದು ಇಲ್ಲವೇ ಇಲ್ಲ. ನಾನು ಯಾರನ್ನೇ ಮಾಡಿಕೊಂಡರೂ ನನ್ನ ಗಂಡುಮಕ್ಕಳಿಗೆ ನನ್ನಿಂದ ಇದು ಹೋಗಲ್ಲ, ಹೆಣ್ಣುಮಕ್ಕಳ ಹತ್ತಿರ ಎಲ್ಲರ ಹತ್ತಿರವೂ ಅಡಗಿರುತ್ತೆ. ಆದರೆ ಬೇರೆ ಕಾಯಿಲೆಗಳ ಮಾತು ಬೇರೆ ಅಂದರು. ಮಾವನ ಮಗಳು ಅಂದರೆ ಎಂಟರಲ್ಲಿ ಒಂದು ಪಾಲು ಜೀನ್ ಇಬ್ಬರಿಗೂ ಒಂದೇ ಕಡೆಯಿಂದ ಬಂದಿರುತ್ತೆ. ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದು. ಮನೆತನದಲ್ಲಿ ಗುಟ್ಟಾಗಿ ಕೂತಿರುವ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಜೊತೆಯಾಗೋ ಸಾಧ್ಯತೆ ಅಷ್ಟರಮಟ್ಟಿಗೆ ಜಾಸ್ತಿ. ಬಣ್ಣ ಕಾಣದಿದ್ದರೆ ಬದುಕಬಹುದು, ಎಲ್ಲವೂ ಹಾಗಲ್ಲ.

ಇಷ್ಟನ್ನೂ ನಾನು ಮನೆಯಲ್ಲಿ ವಿವರಿಸಬೇಕಾಗಿ ಬರಲಿಲ್ಲ. ಅವಳೇ "ಹಸಿರು ಬಳೆ ಯಾವುದು, ಕೆಂಪು ಬಳೆ ಯಾವುದು ಗೊತ್ತಿಲ್ಲದವನನ್ನ ಕಟ್ಟಿಕೊಂಡು ಬಳೆ ಅಂಗಡಿಗೆ ಹೋಗಲಾ?" ಅಂತ ನಗಾಡಿ ವಿಷಯ ಮುಗಿಸಿದಳು. ಈಗ ಬೆಂಗಳೂರಲ್ಲಿ ಗಂಡನ ಜೊತೆ ಚೆನ್ನಾಗಿದ್ದಾಳೆ. ನಾನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದೇನೆ. ವೈರಿಂಗ್ ಕಡೆ ಹೋಗಲ್ಲ ಅಂತ ಸೇರುವಾಗಲೇ ಹೇಳಿದೆ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಸ್ವಲ್ಪ ಅಥವಾ ಮಧ್ಯಮ ಮಟ್ಟದ ವರ್ಣಾಂಧತೆ ಇರುವವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡಬಹುದು ಅಂತ ಮಾಡಿತು. ಸಿಗ್ನಲ್ಲಿನಲ್ಲಿ ನಾನು ಬಣ್ಣ ನೋಡಲ್ಲ, ಮೇಲಿನದೋ ಕೆಳಗಿನದೋ ಅಂತ ನೋಡುತ್ತೇನೆ.

ತಾತನ ಚೌಕದ ಪ್ರಶ್ನೆ ಚಿಹ್ನೆ ಮಾತ್ರ ಹಾಗೇ ಉಳಿದಿತ್ತು. ಅಮ್ಮನಿಗೂ ಚಿಕ್ಕಮ್ಮನಿಗೂ ಇದೆ ಅಂತಾಯಿತು, ಸರಿ. ಆದರೆ ಅದು ಅಜ್ಜಿಯ ಕಡೆಯಿಂದಲೂ ಬಂದಿರಬಹುದಲ್ಲ? ತಾತ ಟೊಮೆಟೊ ಕೀಳುವಾಗ ಪ್ರತಿ ಹಣ್ಣನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು ಅನ್ನೋದು ನನಗೆ ನೆನಪಿದೆ. "ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ" ಅನ್ನೋರು. ಅದನ್ನೇ ಸಾಕ್ಷಿ ಅನ್ನೋಕಾಗುತ್ತಾ?

ಜಾನ್ ಡಾಲ್ಟನ್ ಅಂತ ಇಂಗ್ಲೆಂಡಿನ ವಿಜ್ಞಾನಿ ಇದ್ದರು, ಪರಮಾಣು ಸಿದ್ಧಾಂತದವರು. ಅವರಿಗೂ ಅವರ ಅಣ್ಣನಿಗೂ ಇದೇ ತೊಂದರೆ. 1794ರಲ್ಲೇ ಅದರ ಬಗ್ಗೆ ಬರೆದರು. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಅಂತ ಅವರ ಊಹೆ, ಸತ್ತ ಮೇಲೆ ಕಣ್ಣು ತೆಗೆದು ನೋಡಿ ಅಂತ ಹೇಳಿಟ್ಟಿದ್ದರು. ನೋಡಿದರೆ ದ್ರವ ತಿಳಿಯಾಗೇ ಇತ್ತು. ಆ ಕಣ್ಣಿನ ಚೂರು ಉಳಿದುಕೊಂಡಿತ್ತು. 1995ರಲ್ಲಿ ಅದರ ಡಿಎನ್ಎ ಪರೀಕ್ಷೆ ಮಾಡಿ, ಹಸಿರಿನದೇ ಕೊರತೆ ಅಂತ ಪತ್ತೆ ಮಾಡಿದರು. ನನ್ನ ತಾತನದು ಹಾಗೆ ಏನೂ ಉಳಿದಿರಲಿಲ್ಲ.

ಉಳಿದಿತ್ತು ಅಂತ ಗೊತ್ತಾಗಿದ್ದು ಹೋದ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಅಮ್ಮನ ಜೊತೆ ಹೋದಾಗ. ಅಜ್ಜಿ ಕಂಬದ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅಮ್ಮ ಯಾವುದೋ ಮಾತಿಗೆ "ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ, ಇವನ ವಿಷಯಕ್ಕೆ ನೋಡಿದ್ರೆ ತಾತನಂತೆ ಮೊಮ್ಮಗ" ಅಂದರು. ಅಜ್ಜಿ ನಕ್ಕರು.

"ಸೀರೆ ಅಂದ್ಯಲ್ಲ. ನಿಮ್ಮಪ್ಪ ಒಂದು ಸಲನಾದ್ರೂ ನಾನು ಹೇಳಿದ ಬಣ್ಣ ತಂದಿದ್ರಾ? ಹಸಿರು ಅಂದ್ರೆ ಮಣ್ಣಿನ ಬಣ್ಣದ್ದು ತರೋರು. ಕಾಫಿಪುಡಿ ಬಣ್ಣ ಅಂದ್ರೆ ಹಸಿರು ತರೋರು. ನಾನು ಮಾರನೇ ದಿನ ಹೋಗಿ ಅಂಗಡಿಯವನಿಗೆ ಕೊಟ್ಟು ಬದಲಾಯಿಸಿಕೊಂಡು ಬರೋಳು. ಅವನಿಗೂ ರೂಢಿಯಾಗಿತ್ತು, ಎತ್ತಿಟ್ಟಿರೋನು."

"ತಾತನಿಗೆ ಗೊತ್ತಿತ್ತಾ ಅಜ್ಜಿ?"

"ಸೀರೆ ಬದಲಾಗಿದ್ದೇ ಗೊತ್ತಾಗ್ತಿರಲಿಲ್ಲ, ಇನ್ನೇನು ಗೊತ್ತಿರುತ್ತೆ? ನಾನು ಹೇಳಲಿಲ್ಲ. ಪ್ರೀತಿಯಿಂದ ತಂದಿರ್ತಾರೆ."

ಎದ್ದು ಒಳಗೆ ಹೋಗಿ ಟ್ರಂಕ್ ತೆಗೆದರು. ನುಸಿಗುಳಿಗೆ ವಾಸನೆ ನಡುಮನೆವರೆಗೂ ಬಂತು. ಒಂದು ಸೀರೆ ತಂದು ನನ್ನ ತೊಡೆ ಮೇಲಿಟ್ಟರು. ಅದೊಂದನ್ನು ಬದಲಾಯಿಸಿರಲಿಲ್ಲವಂತೆ, ಅಮ್ಮ ಹುಟ್ಟಿದಾಗ ತಂದಿದ್ದು. ಮಡಿಕೆಗಳಲ್ಲಿ ದಾರ ಸವೆದಿತ್ತು.

"ಯಾವ ಬಣ್ಣ ಹೇಳು."

ಬೆಳಕಿಗೆ ಹಿಡಿದು ನೋಡಿದೆ. ಈ ಸಲ ಟಕಟಕ ಹೇಳಲಿಲ್ಲ. ಬಾಗಿಲ ಹತ್ತಿರ ಹೋಗಿ ಇನ್ನೊಂದು ಸಲ ನೋಡಿದೆ. "ಕಾಫಿಪುಡಿ" ಅಂದೆ.

ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಜ್ಜಿ ಸೀರೆಯನ್ನು ವಾಪಸ್ ತಗೊಂಡು ಮಡಿಸುತ್ತಾ, "ಅವರೂ ಹಂಗೇ ಅಂದುಕೊಂಡು ತಂದಿದ್ರು" ಅಂದರು.

ಪರ್ಸಿನಲ್ಲಿ ಆ ಔಷಧಿ ಚೀಟಿ ಇನ್ನೂ ಇತ್ತು. ತೆಗೆದು ನೆಲದ ಮೇಲೆ ಹರವಿ, ತಾತನ ಚೌಕದ ಪ್ರಶ್ನೆ ಚಿಹ್ನೆ ಮೇಲೆ ಪೆನ್ ಆಡಿಸಿ ಪೂರ್ತಿ ತುಂಬಿದೆ. ಅಜ್ಜಿ ಬಗ್ಗಿ ನೋಡಿದರು.

"ಇದ್ಯಾವ ಬಣ್ಣ?"

"ನೀಲಿ ಅಜ್ಜಿ. ಇದು ನಂಗೆ ಗೊತ್ತಾಗುತ್ತೆ."